ಅತ್ತ ಸರ್ವರ್, ಇತ್ತ ನಾವು

ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ ಏನೋ ಹೇಳಲು ಹೋಗಿ ಮತ್ತೇನೋ ಹೇಳಿಬಿಡುವುದು ನಮ್ಮ ಕಸುಬಿನಲ್ಲಿ ದಿನಬೆಳಗಾದರೆ ನಡೆಯುವಂಥದ್ದು. ಮಧ್ಯದಲ್ಲಿ ಮನುಷ್ಯರು ಸಿಕ್ಕಿಹಾಕಿಕೊಂಡಾಗ ಮಾತ್ರ ಅದು ಕಥೆಯಾಗುತ್ತದೆ.

ನಾನು ಬೆಂಗಳೂರಿನಿಂದ ಹೋಗಿ ಗೋಥೆನ್‌ಬರ್ಗ್‌ನಲ್ಲಿ ಕೆಲಸ ಮಾಡಿದ ಆ ಕೆಲವು ವರ್ಷಗಳಲ್ಲಿ ಇಂಥ ಕಥೆಗಳಿಗೆ ಬರವಿರಲಿಲ್ಲ. ಬರವಿದ್ದದ್ದು ಬಿಸಿಲಿಗೆ. ನವೆಂಬರ್ ಬಂತೆಂದರೆ ಮಧ್ಯಾಹ್ನದ ಫಿಕಾ, ಅಂದರೆ ಕಾಫಿ, ಒಂದು ಬನ್ನು, ಒಂದಿಷ್ಟು ಮಾತು, ಮುಗಿಸಿ ಕಪ್ಪು ತೊಳೆದಿಡುವಷ್ಟರಲ್ಲಿ ಹೊರಗೆ ಕತ್ತಲು. ಟ್ರಾಮಿನಲ್ಲಿ ಕೂತವರೆಲ್ಲ ಯಾರದೋ ಮಣ್ಣಿಗೆ ಹೋಗಿ ಬಂದವರ ಹಾಗೆ ಕಾಣುತ್ತಿದ್ದರು. ನಾನೂ ಹಾಗೇ ಕಾಣುತ್ತಿದ್ದಿರಬೇಕು. ಬಾಡಿಗೆಯ ಒಂದು ಕೋಣೆ, ಒಂದು ಕುಕ್ಕರ್, ಭಾನುವಾರ ಅಮ್ಮನ ಫೋನು. ಅಷ್ಟೇ ನನ್ನ ಸಂಸಾರ.

ನಮ್ಮ ಕಂಪನಿ ಒಂದು ಸಣ್ಣ ಕೊಮ್ಯೂನಿಗೆ, ಅಂದರೆ ಅಲ್ಲಿನ ಪುರಸಭೆಗೆ, ಸಾಫ್ಟ್‌ವೇರ್ ಬರೆಯುತ್ತಿತ್ತು. ವಯಸ್ಸಾದವರ ಮನೆಗಳಿಗೆ ಹೋಗಿ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಊಟದ ಡಬ್ಬ ಇಟ್ಟು ಬರಲು ಹೆಂಗಸರನ್ನು ಕೊಮ್ಯೂನು ನೇಮಿಸಿಕೊಂಡಿತ್ತು. ಸ್ಮಾರ್ಟ್‌ಫೋನು ಇನ್ನೂ ಎಲ್ಲರ ಕೈಗೆ ಬಾರದ ಕಾಲ. ಅವರ ಕೈಗೆ ಅಂಗೈಯಗಲದ ಒಂದೊಂದು ಯಂತ್ರ ಕೊಟ್ಟಿದ್ದರು. ಅದು ಕ್ಲೈಂಟು. ಕೊಮ್ಯೂನಿನ ನೆಲಮಾಳಿಗೆಯಲ್ಲಿ ಗುಂಯ್ ಎನ್ನುತ್ತಿದ್ದದ್ದು ಸರ್ವರ್. ನಾವು ಒಬ್ಬೊಬ್ಬ ಅಜ್ಜಿಯನ್ನೂ ಒಂದೊಂದು 'ಆಬ್ಜೆಕ್ಟ್' ಮಾಡುತ್ತಿದ್ದೆವು. ಹೆಸರು, ವಿಳಾಸ, ಕಟ್ಟಡದ ಬಾಗಿಲು ತೆರೆಯಲು ಒತ್ತಬೇಕಾದ ಕೋಡು, ಬಿ.ಪಿ. ಮಾತ್ರೆ, ಹಾಲು ಒಗ್ಗುವುದಿಲ್ಲ ಎನ್ನುವ ಸಂಗತಿ, ಎಲ್ಲವನ್ನೂ ಗಂಟು ಕಟ್ಟಿ ಸರ್ವರ್ ಕಳಿಸುತ್ತಿತ್ತು. ಇತ್ತ ಕೈಯಲ್ಲಿನ ಯಂತ್ರ ಗಂಟು ಬಿಚ್ಚಿ ಅಜ್ಜಿಯನ್ನು ಮತ್ತೆ ಜೋಡಿಸಿ ತೋರಿಸುತ್ತಿತ್ತು. ಕೆಲಸ ಮುಗಿದ ಮೇಲೆ 'ಸ್ನಾನ ಆಯಿತು, ಮಾತ್ರೆ ಕೊಟ್ಟೆ' ಎಂದು ಇಲ್ಲಿಂದ ಗಂಟು ವಾಪಸ್.

ಕ್ಲೈಂಟಿನ ಕಡೆ ನಾನು ಮತ್ತು ಹುಬ್ಬಳ್ಳಿಯ ಒಬ್ಬ ಗೆಳೆಯ. ಹೆಂಡತಿ, ಪುಟ್ಟ ಮಗಳ ಜೊತೆ ಬಂದಿದ್ದ. ನನ್ನನ್ನು 'ಅಕ್ಕಾರ' ಅನ್ನುತ್ತಿದ್ದ. ಉಳಿದ ಕನ್ನಡಿಗರ ಮುಂದೆ ತನ್ನ ಊರಿನ ಮಾತನ್ನು ಇಸ್ತ್ರಿ ಹೊಡೆದು ಬೆಂಗಳೂರಿನ ಹಾಗೆ ಮಾಡಿ ಆಡುತ್ತಿದ್ದ. ಸಿಟ್ಟು ಬಂದಾಗ ಇಸ್ತ್ರಿ ಬಿಚ್ಚಿಹೋಗುತ್ತಿತ್ತು. ಸರ್ವರಿನ ಕಡೆ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಸ್ವೀಡಿಷ್ ಮನುಷ್ಯ. ಇಡೀ ದಿನಕ್ಕೆ ಅವರು ಆಡುತ್ತಿದ್ದ ಮಾತು ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುತ್ತಿತ್ತು.

೧. ಏನೂ ಇಲ್ಲ

ಸೇರಿದ ಹೊಸದರಲ್ಲಿ ಒಂದು ತೊಂದರೆ ಕಂಡಿತು. ಯಾವುದಾದರೂ ಮನೆಯಲ್ಲಿ ಅಂದು ಕೆಲಸವಿಲ್ಲದಿದ್ದರೆ ಕೈಯಲ್ಲಿನ ಯಂತ್ರ ಸುಮ್ಮನೆ ತಿರುಗುತ್ತ ಕೂರುತ್ತಿತ್ತು. ಅದನ್ನು ಹಿಡಿದ ಹೆಂಗಸು ಮೆಟ್ಟಿಲ ಬಳಿ ನಿಂತು ಕಾಯುತ್ತಿದ್ದಳು. ನಾನು ಸರ್ವರಿನ ಮನುಷ್ಯನ ಬಳಿ ಹೋದೆ.

"ಹೇಳೋದಕ್ಕೆ ಏನೂ ಇಲ್ಲದಿದ್ದಾಗ ನಿಮ್ಮ ಸರ್ವರ್ ಏನು ಕಳಿಸುತ್ತೆ?"

"ಏನೂ ಇಲ್ಲ."

"'ಏನೂ ಇಲ್ಲ' ಅಂತ ಕಳಿಸುತ್ತಾ, ಇಲ್ಲಾ ಏನೂ ಕಳಿಸೋದೇ ಇಲ್ವಾ?"

ಸ್ವಲ್ಪ ಯೋಚಿಸಿದರು. "ಕಳಿಸುವುದೇ ಇಲ್ಲ."

"ಹಾಗಾದ್ರೆ ಹೇಳೋಕೆ ಏನೂ ಇಲ್ಲವೋ, ಲೈನೇ ಕಟ್ಟಾಗಿದೆಯೋ, ಈ ಕಡೆ ಇರುವವರಿಗೆ ಹೇಗೆ ಗೊತ್ತಾಗಬೇಕು?"

ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ನೋಡಲು ಏನೂ ಇರಲಿಲ್ಲ, ಗಾಜಿನಲ್ಲಿ ಅವರ ಮುಖವೇ ಕಾಣುತ್ತಿತ್ತು. ಆ ಮುಖ ನೋಡುತ್ತಲೇ ಅಂದರು: "ನನ್ನ ಹೆಂಡತಿ ಇದನ್ನೇ ಕೇಳುತ್ತಿದ್ದಳು."

"ಈಗ?" ಅಂದುಬಿಟ್ಟೆ. ಕೇಳಬಾರದಿತ್ತು.

"ಈಗ ಅವಳು ಮಾಲ್ಮೋದಲ್ಲಿ ಇನ್ನೊಬ್ಬನ ಜೊತೆ ಇದ್ದಾಳೆ. ಅವನು ಮಾತಾಡುತ್ತಾನಂತೆ."

ಮಾರನೆಯ ದಿನ ಸರ್ವರ್ ಸರಿಹೋಗಿತ್ತು. ಹೇಳಲು ಏನೂ ಇಲ್ಲದಿದ್ದರೆ 'ಹೇಳಲು ಏನೂ ಇಲ್ಲ' ಎಂದು ಒಂದು ಖಾಲಿ ಗಂಟನ್ನಾದರೂ ಮರ್ಯಾದೆಯಿಂದ ಕಳಿಸುತ್ತಿತ್ತು. ಥ್ಯಾಂಕ್ಸ್ ಹೇಳಲು ಹೋದೆ. ಅವರು ಪರದೆಯನ್ನೇ ನೋಡುತ್ತ, ತಮಗೇ ಹೇಳಿಕೊಳ್ಳುವವರ ಹಾಗೆ ಅಂದರು:

"ಅರ್ಧ ದಿನದ ಕೆಲಸ. ಅವಳು ಕೇಳಿದಾಗಲೇ ಮಾಡಬಹುದಿತ್ತು."

೨. ದಿಬ್ಬಣ

ಆ ಚಳಿಗಾಲದಲ್ಲೇ ಯಂತ್ರಗಳು ಹೆಪ್ಪುಗಟ್ಟತೊಡಗಿದವು. ಹಿಮಕ್ಕಲ್ಲ, ಭಾರಕ್ಕೆ. ಒಬ್ಬ ಕೆಲಸದ ಹೆಂಗಸು ಒಂದು ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತು ಒಳಗಿನ ಅಜ್ಜನ ವಿವರ ಕೇಳಿದ್ದಾಳೆ. ಬೇಕಿದ್ದದ್ದು ಬಾಗಿಲಿನ ಕೋಡು ಒಂದೇ. ಮಳೆಯೂ ಅಲ್ಲದ, ಹಿಮವೂ ಅಲ್ಲದ ಒಂದು ಕೆಸರು ಮೇಲಿನಿಂದ ಬೀಳುತ್ತಿದೆ. ಯಂತ್ರ 'ಬರುತ್ತಿದೆ, ಬರುತ್ತಿದೆ' ಅನ್ನುತ್ತಿದೆ, ಕೋಡು ಬರಲೊಲ್ಲದು. ಒಳಗೆ ಅಜ್ಜ ಊಟಕ್ಕೆ ಕಾಯುತ್ತಿದ್ದಾರೆ, ಹೊರಗೆ ಇವಳ ಕೈಯಲ್ಲಿ ಊಟ ಆರುತ್ತಿದೆ. ಕೊನೆಗೆ ನಾಯಿ ತಿರುಗಾಡಿಸಲು ಹೊರಬಂದ ಯಾರೋ ಬಾಗಿಲು ತೆಗೆದರಂತೆ.

ನಾನೂ ಹುಬ್ಬಳ್ಳಿಯವನೂ ಕೂತು ಗಂಟು ಬಿಚ್ಚಿ ನೋಡಿದೆವು. ಕೇಳಿದ್ದು ಅಜ್ಜನನ್ನು. ಅಜ್ಜನ ಜೊತೆ ಅವರ ಮನೆ ಬಂದಿತ್ತು. ಮನೆಯ ಜೊತೆ ಕಟ್ಟಡ ಬಂದಿತ್ತು. ಕಟ್ಟಡದ ಜೊತೆ ಅದರಲ್ಲಿ ಕೊಮ್ಯೂನಿನ ಸಹಾಯ ಪಡೆಯುವವರೆಲ್ಲರೂ ಬಂದಿದ್ದರು. ಅವರ ಹಿಂದೆ ಅವರವರ ಮಕ್ಕಳು, ಮಕ್ಕಳ ಫೋನ್ ನಂಬರು, ಅವರನ್ನು ನೋಡಿಕೊಳ್ಳುವ ನರ್ಸುಗಳು, ಆ ನರ್ಸುಗಳು ನೋಡಿಕೊಳ್ಳುವ ಬೇರೆ ಕಟ್ಟಡಗಳ ಜನ. ಒಂದಕ್ಕೊಂದು ಕೈಹಿಡಿದುಕೊಂಡು ಅರ್ಧ ಕೊಮ್ಯೂನೇ ಆ ಅಂಗೈಯಗಲದ ಯಂತ್ರದೊಳಗೆ ನುಗ್ಗಲು ನೋಡಿತ್ತು.

ಹುಬ್ಬಳ್ಳಿಯವನ ಇಸ್ತ್ರಿ ಬಿಚ್ಚಿಹೋಯಿತು. "ಏನ್ರಿ ಅಕ್ಕಾರ ಇದು! ಹುಡುಗನ ಒಂದು ಫೋಟೋ ಕಳಸ್ರಿ ಅಂದ್ರ, ದಿಬ್ಬಣಾನs ಬಂದು ಬಾಗಿಲದಾಗ ನಿಂತೈತಲ್ರಿ!"

ಸರ್ವರಿನ ಮನುಷ್ಯನಿಗೆ ಇದನ್ನು ಅನುವಾದಿಸಿ ಹೇಳುವುದು ಕಷ್ಟವಾಯಿತು. ಅಲ್ಲಿ ಮದುವೆಗೆ ಬರುವವರೇ ನಾಲ್ಕು ಜನ. ಹೇಗೋ ತಿಳಿಸಿದೆ. ಅಜ್ಜನನ್ನು ಕೇಳಿದರೆ ಅಜ್ಜ ಮಾತ್ರ ಬರಲಿ, ಉಳಿದವರು ಬೇಕಾದಾಗ ಕೇಳುತ್ತೇವೆ ಅಂತ. ತಲೆಯಾಡಿಸಿದರು, ಮಾಡಿಕೊಟ್ಟರು.

ಆದರೆ ಅಷ್ಟರಲ್ಲಿ ಒಂದು ಸಂಗತಿ ನಡೆದುಹೋಗಿತ್ತು. ಆ ಹೆಂಗಸು ಒಳಗೆ ಹೋದಾಗಲೂ ಯಂತ್ರದಲ್ಲಿ ಹೆಸರುಗಳು ಒಂದೊಂದಾಗಿ ಇಳಿಯುತ್ತಲೇ ಇದ್ದವಂತೆ. ಅಜ್ಜ ಕನ್ನಡಕ ಹಾಕಿಕೊಂಡು ಇಣುಕಿದರಂತೆ. ಅವಳು ಮುಚ್ಚಿಕೊಳ್ಳುವಷ್ಟರಲ್ಲಿ ಎದುರುಮನೆಯ ಹೆಸರನ್ನು ಓದಿಯೂ ಬಿಟ್ಟಿದ್ದರು.

"ಓಹೋ," ಅಂದರಂತೆ, "ಅವನ ಹೆಸರು ಇದಾ? ನಾವಿಬ್ಬರೂ ಒಂದೇ ವರ್ಷ ಈ ಕಟ್ಟಡಕ್ಕೆ ಬಂದವರು. ಆಗ ಇಬ್ಬರ ತಲೆಯಲ್ಲೂ ಕೂದಲಿತ್ತು."

೩. ಪ್ಲಸ್

ಸ್ವೀಡನ್ನಿನಲ್ಲಿ ಮನುಷ್ಯನಿಗೆ ಹೆಸರಿಗಿಂತ ಮುಖ್ಯವಾದದ್ದು ಪರ್ಸೂನ್‌ನುಮ್ಮೆರ್. ಹುಟ್ಟಿದ ದಿನದಿಂದ ಮಾಡಿದ ನಂಬರು. ಅದಿಲ್ಲದೆ ಬ್ಯಾಂಕೂ ಇಲ್ಲ, ವೈದ್ಯರೂ ಇಲ್ಲ. ವರ್ಷದ ಕೊನೆಯ ಎರಡೇ ಅಂಕಿ ಬರೆಯುವುದರಿಂದ ಒಂದು ಉಪಾಯ ಮಾಡಿದ್ದಾರೆ: ನಂಬರಿನ ನಡುವೆ ಒಂದು ಅಡ್ಡಗೆರೆ ಇರುತ್ತದೆ, ಮನುಷ್ಯ ನೂರು ಮುಟ್ಟಿದರೆ ಆ ಅಡ್ಡಗೆರೆಯ ಜಾಗದಲ್ಲಿ ಪ್ಲಸ್ ಚಿಹ್ನೆ ಬರುತ್ತದೆ. ನೂರು ವರ್ಷ ಬದುಕಿದ್ದಕ್ಕೆ ಸರ್ಕಾರ ಕೊಡುವ ಪದಕ ಅದೊಂದೇ, ಸಣ್ಣ ಪ್ಲಸ್.

ನಮ್ಮ ಕಸುಬಿನಲ್ಲಿ ಒಂದು ಹಳೇ ರೂಢಿಯಿದೆ. ಯಂತ್ರದಿಂದ ಯಂತ್ರಕ್ಕೆ ಹೋಗುವ ದಾರಿಯಲ್ಲಿ ಪ್ಲಸ್ ಚಿಹ್ನೆಯನ್ನು ಕಂಡರೆ ಕೆಲವು ಕಡೆ ಅದನ್ನು 'ಖಾಲಿ ಜಾಗ' ಎಂದು ಓದಿಬಿಡುತ್ತಾರೆ. ನೂರಾ ನಾಲ್ಕು ವರ್ಷದ ಒಬ್ಬ ಅಜ್ಜಿಯ ಪ್ಲಸ್ ಹೀಗೆ ದಾರಿಯಲ್ಲಿ ಉದುರಿಹೋಯಿತು. ಇತ್ತ ತಲುಪುವಾಗ ಅಜ್ಜಿ ನಾಲ್ಕು ವರ್ಷದ ಮಗು. ಅಲ್ಲಿಗೇ ನಿಂತಿದ್ದರೆ ಸರಿ. ಆ ಮಗುವನ್ನು ಕೊಮ್ಯೂನಿನ ಇನ್ನೊಂದು ಕಂಪ್ಯೂಟರು ನಮ್ಮಿಂದ ಎರವಲು ತೆಗೆದುಕೊಂಡಿತು. ಈ ಮಗು ಇಷ್ಟು ದಿನ ಶಿಶುವಿಹಾರಕ್ಕೇ ಹೋಗಿಲ್ಲವಲ್ಲ ಎಂದು ಗಾಬರಿಯಾಗಿ, ತುರ್ತಾಗಿ ಒಂದು ಡಾಗಿಸ್‌ನಲ್ಲಿ, ಅಂದರೆ ಅಲ್ಲಿನ ಶಿಶುವಿಹಾರದಲ್ಲಿ, ಸೀಟು ಕೊಟ್ಟು, ಬದಲಿ ಬಟ್ಟೆ ಮತ್ತು ಮಳೆಬೂಟು ತರಬೇಕೆಂದು ಅಜ್ಜಿಗೇ ಕಾಗದ ಬರೆಯಿತು.

ಅಜ್ಜಿ ಕಾಗದವನ್ನು ಕೆಲಸದವಳ ಕೈಲಿ ಓದಿಸಿ, "ನನ್ನ ಬೂಟು ನನಗೆ ಈಗ ಸಣ್ಣದು" ಅಂದರಂತೆ.

ನಮ್ಮ ಆಫೀಸಿನಲ್ಲಿ ಎಲ್ಲರೂ ನಕ್ಕರು. ಹುಬ್ಬಳ್ಳಿಯವನು ಮಾತ್ರ ನಗಲಿಲ್ಲ. ಅವನ ಮಗಳ ಹೆಸರು ಡಾಗಿಸ್‌ನ ಸರದಿಯಲ್ಲಿ ಎಷ್ಟೋ ತಿಂಗಳಿಂದ ಕೂತಿತ್ತು. ಮಗು ಮನೆಯಲ್ಲಿ, ಹೆಂಡತಿ ಭಾಷೆಯ ಕ್ಲಾಸಿಗೂ ಹೋಗಲಾಗದೆ ನಾಲ್ಕು ಗೋಡೆ ನೋಡುತ್ತ ಕೂತಿದ್ದಳು. ಅವನು ಎದ್ದು ಹೋಗಿ ಸರ್ವರಿನ ಮನುಷ್ಯನನ್ನು ಕೇಳಿದ: "ಆ ಅಜ್ಜಿ ತನ್ನ ಸೀಟು ಬಿಟ್ಟುಕೊಡ್ತಾರಾ?"

ಸರ್ವರಿನ ಮನುಷ್ಯ ಇದನ್ನು ತಮಾಷೆ ಎಂದು ತಿಳಿಯಲಿಲ್ಲ. ಕೊಮ್ಯೂನಿನ ನಿಯಮಾವಳಿ ತೆಗೆದು, ಪೂರ್ತಿ ಓದಿ, ವಿಷಾದದಿಂದ ತಲೆಯೆತ್ತಿದರು.

"ಆಗುವುದಿಲ್ಲ," ಅಂದರು. "ಒಡಹುಟ್ಟಿದವರಾದರೆ ಮಾತ್ರ ಆದ್ಯತೆ."

೪. ಗಾಜಿನ ಬಾಗಿಲು

ಆಮೇಲೆ ಆ ವರ್ಷ ಬಂತು, ಅಮೆರಿಕದಲ್ಲಿ ಬ್ಯಾಂಕು ಬಿದ್ದು ಗೋಥೆನ್‌ಬರ್ಗ್‌ನಲ್ಲಿ ಕಾರು ಕೊಳ್ಳುವವರಿಲ್ಲದೆ ಹೋದ ವರ್ಷ. ಕಾರಿಗೂ ನಮ್ಮ ಅಜ್ಜಿಯರಿಗೂ ಏನು ಸಂಬಂಧ ಎಂದು ಕೇಳಿದರೆ ಮ್ಯಾನೇಜರು ಒಂದು ಚಿತ್ರ ಬರೆದು ತೋರಿಸುತ್ತಿದ್ದ. ಚಿತ್ರದಲ್ಲಿ ಎಲ್ಲ ಬಾಣಗಳೂ ಕೆಳಗೆ ಹೋಗುತ್ತಿದ್ದವು. ಸಣ್ಣ ಫಿಕಾಗೆ ಕರೆದರೆ ಕಾಫಿ, ದೊಡ್ಡ ಫಿಕಾಗೆ ಕರೆದರೆ ಕೇಕು. ಕೇಕು ತಂದ ದಿನ ಯಾರಿಗೋ ಕೆಲಸ ಹೋಗುತ್ತಿತ್ತು. ಕೆನೆ ಹಾಕಿದ ಕೇಕು ಬಂದರೆ ಇಬ್ಬರಿಗೆ.

ಒಂದು ಬೆಳಿಗ್ಗೆ ನಾನು ಬೇಗ ಬಂದು ಒಳಗೆ ಕೂತಿದ್ದೆ. ಗಾಜಿನ ಬಾಗಿಲಿನ ಆಚೆ ಹುಬ್ಬಳ್ಳಿಯವನು ನಿಂತು ಕಾರ್ಡು ತೋರಿಸುತ್ತಿದ್ದ. ಕೆಂಪು ದೀಪ. ಕಾರ್ಡನ್ನು ಅಂಗಿಗೆ ಉಜ್ಜಿ ಮತ್ತೆ ತೋರಿಸಿದ. ಕೆಂಪು ದೀಪ. ಊದಿ ತೋರಿಸಿದ. ನಾನು ಎದ್ದು ಬಾಗಿಲ ಬಳಿ ಹೋಗುವಷ್ಟರಲ್ಲಿ ಅವನ ಮುಖ ಬದಲಾಗಿತ್ತು, ತೆಗೆಯಹೋದರೆ ಬೇಡವೆಂದು ಕೈಯಾಡಿಸಿದ. ಕಾರ್ಡು ಅಂದರೇನು ಅಂತ ನಮ್ಮಿಬ್ಬರಿಗೂ ಗೊತ್ತಲ್ಲ. ಕಾರ್ಡು 'ಇವನು ಬಂದಿದ್ದಾನೆ' ಎಂದು ಹೇಳುತ್ತದೆ. ಅತ್ತ ಸರ್ವರ್ 'ಯಾರವನು?' ಅನ್ನುತ್ತಿದೆ.

ಅವನ ಹೆಸರನ್ನು ಬೆಳಿಗ್ಗೆಯೇ ಅಳಿಸಲು ಯಾರೋ ಯಂತ್ರಕ್ಕೆ ಹೇಳಿಟ್ಟಿದ್ದರು. ಅವನಿಗೆ ವಿಷಯ ತಿಳಿಸಬೇಕಿದ್ದ ಮ್ಯಾನೇಜರಿನ ಟ್ರಾಮು ದಾರಿಯಲ್ಲಿ ಕೆಟ್ಟು ನಿಂತಿತ್ತು. ಸ್ವಲ್ಪ ಹೊತ್ತಿಗೆ ಮ್ಯಾನೇಜರು ಓಡುತ್ತ ಬಂದ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕೇಕಿನ ಡಬ್ಬ.

"ಏನಾಯ್ತು, ಒಳಗೆ ಹೋಗಿಲ್ವಾ?" ಅಂದ.

"ಬಾಗಿಲು ಬಿಡ್ತಿಲ್ಲ."

ಮ್ಯಾನೇಜರಿಗೆ ಅರ್ಥವಾಯಿತು. ಬಿಳಿ ಮುಖ ಇನ್ನೂ ಬೆಳ್ಳಗಾಯಿತು. ತನ್ನ ಕಾರ್ಡು ತೋರಿಸಿ ಬಾಗಿಲು ತೆಗೆದು, "ಬನ್ನಿ, ಬನ್ನಿ" ಎಂದು ಇವನ ಬೆನ್ನ ಮೇಲೆ ಕೈಯಿಟ್ಟು ಒಳಗಿನ ಕೋಣೆಗೆ ಕರೆದುಕೊಂಡು ಹೋದ.

ಇವನು ಹೊರಬಂದು ನನ್ನ ಮೇಜಿನ ಪಕ್ಕ ನಿಂತ. ವರ್ಕ್ ಪರ್ಮಿಟ್ಟು ಈ ಕೆಲಸಕ್ಕೆ ಕಟ್ಟಿದ್ದು. ಬೇಗ ಬೇರೆ ಕೆಲಸ ಸಿಗದಿದ್ದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಅದೂ ಮಗಳಿಗೆ ಕಡೆಗೂ ಡಾಗಿಸ್ ಸಿಕ್ಕಿ, ಮನೆಯಲ್ಲಿ ಅಪ್ಪ ಕನ್ನಡದಲ್ಲೋ ಉರ್ದುವಿನಲ್ಲೋ ಕೇಳಿದ್ದಕ್ಕೆಲ್ಲ ಅವಳು ಸ್ವೀಡಿಷ್‌ನಲ್ಲಿ ಉತ್ತರ ಕೊಡಲು ಕಲಿತಿದ್ದ ಹೊತ್ತಿನಲ್ಲಿ. ನಾನು ಕುರ್ಚಿ ಎಳೆದುಕೊಟ್ಟೆ, ಅವನು ಕೂರಲಿಲ್ಲ. ಅವನೇ ಮಾತಾಡಿದ.

"ನೋಡ್ರಿ ಅಕ್ಕಾರ, ಸರ್ವರ್‌ಗೆ ಮುಂಜಾನೇನs ಗೊತ್ತಾಗೇತಿ. ನಾ ಬರೇ ಕ್ಲೈಂಟು, ನನಗ ತಡಾ ಆಗಿ ಬಂತು." ಆಮೇಲೆ ಕೋಣೆಯ ಕಡೆ ಕೈ ತೋರಿಸಿದ. "ಬಾಗಿಲು ಪಾಪ ಸುಮ್ನ ಹೊರಗs ನಿಲ್ಲಿಸಿತ್ರಿ. ಇಂವಾ ಒಳಗ ಕರಕೊಂಡು ಹೋಗಿ, ಕೇಕು ತಿನ್ನಿಸಿ, ಆಮ್ಯಾಲೆ ಹೊರಗ ಹಾಕಿದಾ."

ನಾವಿಬ್ಬರೂ ನಕ್ಕೆವು. ನಗುವಾಗ ಅವನ ಕಣ್ಣು ಒದ್ದೆಯಾದದ್ದನ್ನು ನಾನು ನೋಡದವಳ ಹಾಗಿದ್ದೆ. ಅವನ ಮೇಜಿನ ಮೇಲಿದ್ದ ಮಗಳ ಫೋಟೋವನ್ನು ನಾನೇ ತೆಗೆದು ಕಾಗದ ಸುತ್ತಿ ಕೊಟ್ಟೆ.

ಗಡುವು ಮುಗಿಯುವ ಹೊತ್ತಿಗೆ, ಎಲ್ಲ ಆಸೆ ಬಿಟ್ಟು ಸೂಟ್‌ಕೇಸು ಕೆಳಗಿಳಿಸಿದ ಮೇಲೆ, ಲುಂಡ್ ಎಂಬ ಊರಿನಲ್ಲಿ ಒಬ್ಬ ಸಂಶೋಧಕರಿಗೆ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತು. ಅಲ್ಲಿಗೆ ಹೋಗಿ ವಾರವಾಗುವಷ್ಟರಲ್ಲಿ ಫೋನು ಮಾಡಿದ. ಸೈಕಲ್ ಕಲಿಯುತ್ತಿದ್ದೇನೆ, ಬಿದ್ದು ಮೊಣಕಾಲು ತರಚಿದೆ, ಮಗಳು ನಗುತ್ತಾಳೆ ಅಂತೆಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿದ.

"ಇಲ್ಲಿ ಆಫೀಸಿಗೆ ಕಾರ್ಡಿಲ್ರಿ ಅಕ್ಕಾರ. ಕೀಲಿಕೈ ಕೊಟ್ಟಾರ, ಕಬ್ಬಿಣದ್ದು. ರಾತ್ರಿ ತಲಿದಿಂಬಿನ ಕೆಳಗ ಇಟ್ಕೊಂಡು ಮಲಗತೀನಿ."

೫. ತೀರಿಕೊಂಡವರು

ಅವನು ಹೋದ ಮೇಲೆ ಕ್ಲೈಂಟಿನ ಕಡೆ ನಾನೊಬ್ಬಳೇ. ಒಂದು ದಿನ ಕೊಮ್ಯೂನಿನಲ್ಲಿ ಈ ಕೆಲಸದ ಹೆಂಗಸರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದವಳ ಫೋನು ಬಂತು. ದನಿಯಲ್ಲಿ ಸುಸ್ತು.

"ನಿಮ್ಮ ಸಿಸ್ಟಮ್‌ನಲ್ಲಿ ಒಬ್ಬರು ಸಾಯುತ್ತಿಲ್ಲ," ಅಂದಳು.

ವಿಷಯ ಹೀಗಿತ್ತು. ಗಂಡ ಹೆಂಡತಿ ಇಬ್ಬರೇ ಇದ್ದ ಒಂದು ಮನೆ. ಶರತ್ಕಾಲದಲ್ಲಿ ಅಜ್ಜ ತೀರಿಕೊಂಡರು. ಇವಳೇ ಅವರ ಹೆಸರನ್ನು ತೆಗೆದುಹಾಕಿದಳು. ಕೆಲವು ದಿನ ಕಳೆದ ಮೇಲೆ ಅಜ್ಜ ಮತ್ತೆ ಯಂತ್ರದಲ್ಲಿ ಕಾಣಿಸಿಕೊಂಡರು. ಅವರ ಪಾಲಿನ ಊಟದ ಡಬ್ಬವೂ ಹೋಯಿತು. ಇವಳು ಮತ್ತೆ ತೆಗೆದಳು. ಅಜ್ಜ ಮತ್ತೆ ಬಂದರು. ಆ ಮನೆಗೆ ಪ್ರತಿ ಸಲ ಹೊಸ ಹೊಸ ಬದಲಿ ಹುಡುಗಿಯರು ಹೋಗುತ್ತಿದ್ದರು, ಅವರಿಗೆ ಹಿಂದಿನದು ಗೊತ್ತಿಲ್ಲ. ಒಬ್ಬಳು ಟವಲು ಹಿಡಿದುಕೊಂಡು, "ಎಲ್ಲಿ ಅವರು? ಸ್ನಾನದ ಹೊತ್ತಾಯ್ತು" ಎಂದು ಕೇಳಿಬಿಟ್ಟಿದ್ದಳಂತೆ. ಅಜ್ಜಿ ಕಿಟಕಿಯಿಂದ ಚರ್ಚಿನ ಹಿತ್ತಲಿನ ಸ್ಮಶಾನದ ಕಡೆ ಕೈ ತೋರಿಸಿದರಂತೆ.

ಇದನ್ನು ಕೇಳಿ ಸರ್ವರಿನ ಮನುಷ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಸರ್ವರ್ ಸ್ವಂತವಾಗಿ ಏನನ್ನೂ ಹುಟ್ಟಿಸುವುದಿಲ್ಲ," ಅಂದರು. "ಯಾರೋ ಅದಕ್ಕೆ ಹೇಳುತ್ತಿದ್ದಾರೆ."

ಯಾರು ಹೇಳುತ್ತಿದ್ದಾರೆ ಎಂದು ಹುಡುಕಿದೆವು. ಪ್ರತಿ ಸಲವೂ ಹೇಳುತ್ತಿದ್ದದ್ದು ಒಂದೇ ಯಂತ್ರ. ಅದನ್ನು ಬಳಸುತ್ತಿದ್ದ ಹೆಂಗಸು ಹೆರಿಗೆ ರಜೆಯಲ್ಲಿದ್ದಳು. ಯಂತ್ರ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಮೇಲ್ವಿಚಾರಕಿ ಕೊಮ್ಯೂನಿನ ಕಾರುಗಳನ್ನೆಲ್ಲ ಜಾಲಾಡಿದಳು. ಒಂದು ಕಾರಿನ ಮುಂಬದಿಯ ಗೂಡಿನಲ್ಲಿ, ಕೈಗವಸು ಮತ್ತು ಒಣಗಿದ ಕಿತ್ತಳೆ ಸಿಪ್ಪೆಯ ಅಡಿಯಲ್ಲಿ, ಚಾರ್ಜರಿಗೆ ಸಿಕ್ಕಿಸಿದ ಹಾಗೇ ಬಿದ್ದಿತ್ತು. ಆ ಕಾರನ್ನು ಯಾರಾದರೂ ದೂರ ಓಡಿಸಿದರೆ ಸಾಕು, ಅದಕ್ಕೆ ಜೀವ ಬರುತ್ತಿತ್ತು. ಎದ್ದ ಕೂಡಲೇ ಸರ್ವರ್‌ಗೆ, 'ನನ್ನ ಹತ್ತಿರ ಒಬ್ಬ ಅಜ್ಜ ಇದ್ದಾರೆ, ನಿನ್ನ ಹತ್ತಿರ ಕಾಣುತ್ತಿಲ್ಲ, ತಗೋ' ಎಂದು ಕಳಿಸಿ ಮತ್ತೆ ಮಲಗುತ್ತಿತ್ತು. ಪಾಪ, ಅಜ್ಜ ಹೋದ ಸುದ್ದಿ ಅದಕ್ಕೆ ಮುಟ್ಟಿರಲಿಲ್ಲ.

ಸರಿ, ಆದರೆ ಸರ್ವರ್ ಯಾಕೆ ನಂಬಬೇಕು? ಅದಕ್ಕೂ ಕಾರಣವಿತ್ತು. ನಾವು ಬರುವ ಮೊದಲೇ ಆ ಸಿಸ್ಟಮ್‌ಗೆ ಒಂದು ನಿಯಮ ಇಟ್ಟಿದ್ದರು. ಇಬ್ಬರು ಬೇರೆ ಬೇರೆ ಹೇಳಿದರೆ, ಯಾರು ಕೊನೆಗೆ ಹೇಳಿದರೋ ಅವರದ್ದೇ ನಿಜ. ಆ ಯಂತ್ರದ ಗಡಿಯಾರ ಕೆಟ್ಟು ಒಂದು ವರ್ಷ ಮುಂದೆ ಓಡುತ್ತಿತ್ತು. ಹಾಗಾಗಿ ಮೇಲ್ವಿಚಾರಕಿ ಯಾವಾಗ ಅಳಿಸಿದರೂ, ಅದರ ಮಾತೇ ಕೊನೆಯದಾಗುತ್ತಿತ್ತು.

ಸರ್ವರಿನ ಮನುಷ್ಯ ರಿಪೇರಿ ಮಾಡಿದರು. ಒಬ್ಬರನ್ನು ಅಳಿಸಿದರೆ ಸಾಲದು, ಅಳಿಸಿದ್ದೇವೆ ಎನ್ನುವ ಗುರುತನ್ನೂ ಇಡಬೇಕು. ಆ ಗುರುತಿಗೆ ನಮ್ಮ ಕಸುಬಿನಲ್ಲಿ ನಿಜವಾಗಿಯೂ 'ಗೋರಿಕಲ್ಲು' ಅನ್ನುತ್ತಾರೆ. ಅಜ್ಜನಿಗೆ ಒಂದು ಗೋರಿಕಲ್ಲು ನೆಟ್ಟರು. ಆದರೆ ಮೇಲ್ವಿಚಾರಕಿ ಅಷ್ಟಕ್ಕೆ ಬಿಡಲಿಲ್ಲ. "ಯಾರಾದರೂ ಬಂದು ಆ ಅಜ್ಜಿಯ ಮುಖ ನೋಡಿ ಕ್ಷಮೆ ಕೇಳಿ," ಅಂದಳು. ಮ್ಯಾನೇಜರಿಗೆ ಅಂದೇ ಬೇರೆ ಮೀಟಿಂಗು ನೆನಪಾಯಿತು. ನಾವಿಬ್ಬರೂ ಹೊರಟೆವು.

ದಾರಿಯಲ್ಲಿ ಹೂವಿನ ಅಂಗಡಿ. "ಶುಭಕ್ಕೋ, ಸಾವಿಗೋ?" ಎಂದಳು ಅಂಗಡಿಯವಳು. ಸರ್ವರಿನ ಮನುಷ್ಯ ಪ್ರಾಮಾಣಿಕ. "ಒಬ್ಬರು ಸತ್ತಿದ್ದರು, ಆಮೇಲೆ ಸತ್ತಿರಲಿಲ್ಲ, ಈಗ ಮತ್ತೆ ಸತ್ತಿದ್ದಾರೆ," ಅಂದರು. ಅವಳು ನಮ್ಮಿಬ್ಬರ ಮುಖ ನೋಡಿ ಬಿಳಿ ಹೂವು ಕಟ್ಟಿಕೊಟ್ಟಳು.

ಅಜ್ಜಿ ಬಾಗಿಲು ತೆಗೆದರು. ಚಿಕ್ಕ ದೇಹ, ನೀಟಾಗಿ ಬಾಚಿದ ಬಿಳಿ ಕೂದಲು. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಬಗ್ಗಿಸಿದರು. ಫ್ರೀಜರ್ ತೆರೆದು ತೋರಿಸಿದರು. ಅಜ್ಜನ ಪಾಲಿಗೆ ಬಂದ ಬಟಾಣಿ ಸೂಪಿನ ಡಬ್ಬಗಳು ಒಂದರ ಮೇಲೊಂದು.

"ನನಗೆ ಇದು ಸೇರುವುದಿಲ್ಲ," ಅಂದರು. "ಬಿಸಾಡಲೂ ಮನಸ್ಸಾಗುವುದಿಲ್ಲ. ಅವನ ಹೆಸರು ಅಂಟಿಸಿರುತ್ತಾರಲ್ಲ."

ಬರುವ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಸ್ವೀಡಿಷ್ ವಾಕ್ಯಗಳೆಲ್ಲ ಮರೆತುಹೋದವು. ಸರ್ವರಿನ ಮನುಷ್ಯನೇ ಹೂವನ್ನು ಮೇಜಿನ ಮೇಲಿಟ್ಟು, ನಾನು ಅವರ ಬಾಯಿಂದ ಯಾವತ್ತೂ ಕೇಳದಷ್ಟು ಮಾತಾಡಿದರು. ಕಾರಿನಲ್ಲಿ ಸಿಕ್ಕ ಯಂತ್ರ, ಅದಕ್ಕೆ ಮುಟ್ಟದ ಸುದ್ದಿ, ಮುಂದೆ ಓಡಿದ ಗಡಿಯಾರ, ಒಂದನ್ನೂ ಬಿಡದೆ ಹೇಳಿ ಕ್ಷಮೆ ಕೇಳಿದರು. ಅಜ್ಜಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕೇಳಿದರು.

"ಅಂದರೆ," ಅಂದರು, "ಅವನು ಸತ್ತದ್ದು ಗೊತ್ತಿಲ್ಲದ ಒಂದು ಡಬ್ಬಿ, ಅವನಿದ್ದಾನೆ ಅಂತ ಹೇಳುತ್ತಿತ್ತು."

"ಹೌದು."

"ನಾನು, ಇಲ್ಲ ಅಂತ ಹೇಳುತ್ತಿದ್ದೆ."

"ಹೌದು."

"ಮಣ್ಣು ಮಾಡಿ ಬಂದವಳು ನಾನು. ಆದರೂ ನೀವು ನಂಬಿದ್ದು ಡಬ್ಬಿಯನ್ನು."

ಸರ್ವರಿನ ಮನುಷ್ಯ ತಲೆ ತಗ್ಗಿಸಿದರು. "ನಿಯಮ ಹಾಗಿತ್ತು. ಇಬ್ಬರ ಮಾತು ಹೊಂದದಿದ್ದರೆ, ಕೊನೆಯ ಮಾತು ಯಾರದ್ದೋ ಅವರು ಹೇಳಿದ್ದೇ ನಿಜ."

ಅಜ್ಜಿ ಕಪ್ಪು ಕೆಳಗಿಟ್ಟು ಮುಖ ಆಚೆ ತಿರುಗಿಸಿದರು. ಅವರ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾರೆ ಎಂದುಕೊಂಡು ನಾನು ಎದ್ದು ಹತ್ತಿರ ಹೋದೆ. ಅವರು ಕಣ್ಣೊರೆಸಿಕೊಂಡು ತಿರುಗಿದಾಗ ನೋಡಿದರೆ, ನಗು ತಡೆಯಲಾಗದೆ ಒದ್ದಾಡುತ್ತಿದ್ದರು.

"ಹಾಗಾದರೆ ಡಬ್ಬಿಯದೇನೂ ತಪ್ಪಿಲ್ಲ ಬಿಡಿ," ಅಂದರು. "ಅದು ಅವನೇ. ಮದುವೆಯಾದಾಗಿನಿಂದ ಈ ಮನೆಯಲ್ಲಿ ಕೊನೆಯ ಮಾತು ಅವನದೇ."